48 ಗಂಟೆಯ ಮಹಿಮೆ: ಕುಲಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಸಮಸ್ತ ವಿಶ್ವವಿದ್ಯಾಲಯಗಳ ಮಾನ್ಯ ಕುಲಸಚಿವರು,
ಆಡಳಿತ ಸೌಧ, ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ಕೊಲೆ, ಹಲ್ಲೆ, ಅತ್ಯಾಚಾರ, ಬಾಂಬು ಇತ್ಯಾದಿ ಆರೋಪ ಹೊತ್ತ ಅಧ್ಯಾಪಕರ ನೌಕರಿಯನ್ನು ತಾವು ನಿಭಾಯಿಸುವ ಚಾತುರ್ಯಕ್ಕೆ ಅಭಿನಂದನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಆರೋಪ ನಿಜವೋ ಸುಳ್ಳೋ ಎಂಬ ಗೊಡವೆಗೇ ಹೋಗದೆ ಗಡಿಯಾರ ನೋಡಿಕೊಂಡು ನ್ಯಾಯ ತೀರ್ಮಾನ ಮಾಡುವ ವಿದ್ಯೆ ತಮಗೆ ಒಲಿದಷ್ಟು ಬೇರೆ ಯಾರಿಗೂ ಒಲಿದಿಲ್ಲ. ಕೇಂದ್ರದ ಸಿಸಿಎ (ವರ್ಗೀಕರಣ, ನಿಯಂತ್ರಣ, ಮೇಲ್ಮನವಿ) ನಿಯಮವಾಗಲಿ, ನಮ್ಮ ಕರ್ನಾಟಕದ 1957ರ ನಿಯಮವಾಗಲಿ, ಹೇಳುವುದು ಒಂದೇ: ನೌಕರ 48 ಗಂಟೆ ಮೀರಿ ಬಂಧನದಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ಅದರೊಳಗೆ ಹೊರಬಂದನೋ, ಅಮಾನತು ಮಾಡುವುದು ಬಿಡುವುದು ತಮ್ಮ ವಿವೇಚನೆ. ಆ ವಿವೇಚನೆ ಸಿಂಡಿಕೇಟಿನಲ್ಲಿ ಯಾರ ಕಡೆಯವರು ಎಷ್ಟು ಮಂದಿ ಎಂದು ಎಣಿಸಿಕೊಂಡು ಕೆಲಸ ಮಾಡುತ್ತದೆ ಎಂಬುದನ್ನು ಕ್ಯಾಂಟೀನಿನ ಹುಡುಗನೂ ಬಲ್ಲ.

ಹೀಗಾಗಿ ಹೆಂಡತಿಯನ್ನು ಬಡಿದು ಆಸ್ಪತ್ರೆಗೆ ಸೇರಿಸಿದ ಪ್ರೊಫೆಸರ್ ಸಾಹೇಬರು ನಿರೀಕ್ಷಣಾ ಜಾಮೀನು ಪಡೆದು ಸೋಮವಾರ ಹಾಜರಿ ಪುಸ್ತಕಕ್ಕೆ ಸಹಿ ಹಾಕಬಹುದು. ಶುಕ್ರವಾರ ಸಂಜೆ ಸಿಕ್ಕಿಬಿದ್ದು, ಕೋರ್ಟಿಗೆ ರಜೆ ಬಂದು, ಮಂಗಳವಾರದವರೆಗೆ ಒಳಗಿದ್ದ ಸಹಾಯಕ ಪ್ರಾಧ್ಯಾಪಕ ಮಾತ್ರ ಅರ್ಧ ಸಂಬಳದ ಜೀವನಾಧಾರ ಭತ್ಯೆಗೆ ಅರ್ಜಿ ಬರೆಯುತ್ತ ಕೂರಬೇಕು. ಅಪರಾಧ ದೊಡ್ಡದೋ ಸಣ್ಣದೋ, ವ್ಯತ್ಯಾಸವೆಲ್ಲ ವಕೀಲರದು. ಇನ್ನು ಅತಿಥಿ ಉಪನ್ಯಾಸಕರ ಸುದ್ದಿಯೇ ಬೇಡ. ಅವರಿಗೆ ಅಮಾನತಾಗುವ ಭಾಗ್ಯವೂ ಇಲ್ಲ. ಮುಂದಿನ ಸೆಮಿಸ್ಟರಿನ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಷ್ಟೆ.

ಈ ಕಲೆ ನಮ್ಮಲ್ಲಿ ಮಾತ್ರ ಇದೆ ಎಂದು ಬೀಗಬೇಡಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2009ರ ಬೇಸಿಗೆಗೆ ಸಮಾಜಶಾಸ್ತ್ರದ ಒಂದು ಕೋರ್ಸ್ ಕಲಿಸಲು ಹಸನ್ ದಿಯಾಬ್ ಎಂಬವರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. 1980ರಲ್ಲಿ ಪ್ಯಾರಿಸ್ಸಿನ ಸಿನಗಾಗಿನ ಮುಂದೆ ನಾಲ್ವರನ್ನು ಕೊಂದ ಬಾಂಬು ಇವರದೇ ಎಂದು ಫ್ರಾನ್ಸ್ ಹೇಳುತ್ತಿತ್ತು. ಅವರು ಜಾಮೀನಿನ ಮೇಲಿದ್ದರು. ಆಕ್ಷೇಪ ಎದ್ದದ್ದೇ ತಡ, ವಿದ್ಯಾರ್ಥಿಗಳ ಓದಿನ ವಾತಾವರಣದ ಹೆಸರು ಹೇಳಿ ಬೇರೊಬ್ಬರನ್ನು ಕೂರಿಸಿದರು. 2018ರಲ್ಲಿ ಸಾಕ್ಷ್ಯ ಸಾಲದೆಂದು ಫ್ರಾನ್ಸ್ ಅವರನ್ನು ಬಿಟ್ಟಿತು. 2023ರಲ್ಲಿ ಅದೇ ಫ್ರಾನ್ಸ್ ಅವರ ಗೈರುಹಾಜರಿಯಲ್ಲಿ ಜೀವಾವಧಿ ವಿಧಿಸಿತು. ಇದನ್ನು ನಿಭಾಯಿಸುವುದು ಕಷ್ಟವಿತ್ತು, ಒಪ್ಪುತ್ತೇನೆ. ಆದರೆ ತೆಗೆದುಕೊಳ್ಳುವಾಗ ಗೊತ್ತಿದ್ದ ಆರೋಪ ಪತ್ರಿಕೆಯಲ್ಲಿ ಬಂದ ಕೂಡಲೇ ಗಂಭೀರವಾಗುವುದು ಹೇಗೆ ಎಂಬುದನ್ನು ಮಾತ್ರ ತಾವೇ ವಿವರಿಸಬೇಕು.

ನನಗೆ ಅತ್ಯಂತ ಪ್ರಿಯವಾದ ಕಡತಗಳು ದೆಹಲಿಯವು. ದೆಹಲಿ ವಿಶ್ವವಿದ್ಯಾಲಯದ ಜಾಕಿರ್ ಹುಸೇನ್ ಕಾಲೇಜಿನಲ್ಲಿ ಅರೇಬಿಕ್ ಕಲಿಸುತ್ತಿದ್ದ ಎಸ್.ಎ.ಆರ್. ಗಿಲಾನಿಯವರಿಗೆ ಸಂಸತ್ತಿನ ಮೇಲಿನ ದಾಳಿಯ ಸಂಚಿಗಾಗಿ 2002ರಲ್ಲಿ ಗಲ್ಲು ಶಿಕ್ಷೆಯಾಯಿತು. ಮರುವರ್ಷ ಹೈಕೋರ್ಟ್ ಖುಲಾಸೆ ಮಾಡಿತು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಿಲಾನಿ ಮತ್ತೆ ತರಗತಿಗೆ ಬಂದು ಪಾಠ ಮಾಡಿದರು. ಅದೇ ವಿಶ್ವವಿದ್ಯಾಲಯದ ರಾಮಲಾಲ್ ಆನಂದ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕ ಜಿ.ಎನ್. ಸಾಯಿಬಾಬಾ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. ಮಾವೋವಾದಿ ನಂಟಿನ ಆರೋಪದ ಮೇಲೆ 2014ರ ಮೇ ತಿಂಗಳಲ್ಲಿ ಬಂಧನ, 2017ರಲ್ಲಿ ಜೀವಾವಧಿ. ಮೇಲ್ಮನವಿ ಹೈಕೋರ್ಟಿನಲ್ಲಿ ಇನ್ನೂ ಕೂತಿರುವಾಗಲೇ, 2021ರ ಮಾರ್ಚ್ 31ರಂದು ಕಾಲೇಜು ಅವರನ್ನು ವಜಾ ಮಾಡಿತು. ಮರುಮೌಲ್ಯಮಾಪನಕ್ಕೆ ಹೋದ ಉತ್ತರಪತ್ರಿಕೆ ವಾಪಸಾಗುವ ಮೊದಲೇ ವಿದ್ಯಾರ್ಥಿಗೆ ಟಿ.ಸಿ. ಕೊಟ್ಟು ಕಳಿಸಿದ ಹಾಗೆ.

ಫಲಿತಾಂಶ ಬಂತು. 2022ರ ಅಕ್ಟೋಬರ್ 14ರಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಬಿಡುಗಡೆಗೆ ಆದೇಶಿಸಿತು. ಮರುದಿನ ಶನಿವಾರ, ರಜೆಯ ದಿನವೇ ಸುಪ್ರೀಂ ಕೋರ್ಟ್ ಕೂತು ಅದನ್ನು ತಡೆಯಿತು. 2024ರ ಮಾರ್ಚ್ 5ರಂದು ಹೈಕೋರ್ಟ್ ಮತ್ತೆ ಖುಲಾಸೆ ಮಾಡಿತು. ನೌಕರಿ ಮಾತ್ರ ಖುಲಾಸೆಯಾಗಲಿಲ್ಲ. ಅದೇ ವರ್ಷದ ಅಕ್ಟೋಬರ್ 12ರಂದು ಅವರು ಹೈದರಾಬಾದಿನಲ್ಲಿ ತೀರಿಕೊಂಡು ಪುನರ್ನೇಮಕದ ಕಡತವನ್ನು ತಾವಾಗಿಯೇ ಮುಕ್ತಾಯ ಮಾಡಿಕೊಟ್ಟರು. ಇಷ್ಟು ಸಹಕರಿಸುವ ನೌಕರ ಎಲ್ಲಿ ಸಿಗುತ್ತಾನೆ?

ಹಾಗೆಂದು ಹಳೆಯ ಚರಿತ್ರೆಯನ್ನು ಕೆದಕಬೇಡಿ ಎಂದೂ ಹೇಳಲಾರೆ. ಅಲಬಾಮಾದ ಹಂಟ್ಸ್‌ವಿಲ್ ವಿಶ್ವವಿದ್ಯಾಲಯದಲ್ಲಿ ಏಮಿ ಬಿಷಪ್ ಎಂಬ ಪ್ರಾಧ್ಯಾಪಕಿ 2010ರ ಫೆಬ್ರವರಿಯಲ್ಲಿ ವಿಭಾಗದ ಸಭೆಯಲ್ಲೇ ಪಿಸ್ತೂಲು ತೆಗೆದು ಮೂವರನ್ನು ಕೊಂದರು. 1986ರಲ್ಲಿ ಅವರ ಗುಂಡಿಗೆ ತಮ್ಮ ಸತ್ತದ್ದು ಆಕಸ್ಮಿಕ ಎಂದು ಆಗಿನ ಪೊಲೀಸರು ಮುಚ್ಚಿದ್ದ ಕಡತ ಅನಂತರ ತೆರೆಯಿತು. ಇನ್ನೊಂದೆಡೆ, ಇಲಿನಾಯ್‌ನ ಮಿಲಿಕಿನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು 1967ರಲ್ಲಿ, 15ರ ಹುಡುಗನಾಗಿದ್ದಾಗ, ತಂದೆ ತಾಯಿ ಅಕ್ಕನನ್ನು ಕೊಂದು, ಮಾನಸಿಕ ಅಸ್ವಸ್ಥನೆಂದು ಖುಲಾಸೆಯಾದವರೆಂದು 2013ರಲ್ಲಿ ಬಯಲಾಯಿತು. ರಾಜೀನಾಮೆ ಕೇಳುವವರು ಎದ್ದರು. ವಿಶ್ವವಿದ್ಯಾಲಯ ಅವರ ಬೆನ್ನಿಗೆ ನಿಂತಿತು. ಎಂಥ ಅವಿವೇಕ! ದಶಕಗಳ ಪಾಠವನ್ನೂ ಅಳತೆಗೆ ಹಿಡಿದರಂತೆ.

ಇಷ್ಟೆಲ್ಲದರ ನಡುವೆ ದೂರು ಕೊಟ್ಟ ಹುಡುಗಿಯನ್ನು ಮರೆತೇಬಿಟ್ಟೆ. ತಾವೂ ಮರೆತಿದ್ದೀರಿ, ಹಾಗಾಗಿ ಸಂಕೋಚವಿಲ್ಲ. ಜಾಮೀನಿನ ಮೇಲೆ ಬಂದ ಗೈಡ್ ಎದುರಿಗೇ ಅವಳು ಆರು ತಿಂಗಳ ಪ್ರಗತಿ ವರದಿಗೆ ಸಹಿಗಾಗಿ ನಿಲ್ಲಬೇಕು. ಇಂಟರ್ನಲ್ ಅಂಕ ಅವರ ಕೈಯಲ್ಲಿ, ವೈವಾಕ್ಕೆ ಯಾರನ್ನು ಕರೆಸಬೇಕೆಂಬ ಪಟ್ಟಿಯೂ ಅವರದೇ. 'ಕೋರ್ಟ್ ತೀರ್ಮಾನಿಸಲಿ' ಎನ್ನುತ್ತೀರಿ. ಕೋರ್ಟ್ ತೀರ್ಮಾನಿಸುವುದು ಜೈಲಿನ ವಿಷಯ, ಸ್ವಾಮಿ. ಗೈಡ್ ಬದಲಾಯಿಸಲು ಸಾಕ್ಷಿ, ಪಾಟೀಸವಾಲು ಏನೂ ಬೇಡ. ತಮ್ಮ ಒಂದು ಹಾಳೆಯ ಸುತ್ತೋಲೆ ಸಾಕು. ಸಂಬಳ ಪೂರ್ತಿ ಕೊಡಿ, ಅವರ ಮಕ್ಕಳು ಉಪವಾಸ ಬೀಳುವುದು ಬೇಡ. ಅಂಕ ಹಾಕುವ ಪೆನ್ನು ಮಾತ್ರ ತೀರ್ಪಿನವರೆಗೆ ಕಸಿದುಕೊಳ್ಳಿ. ಆರೋಪ ಸುಳ್ಳಾದರೆ ವಾಪಸು ಕೊಡಲು ಕಷ್ಟವಿಲ್ಲದ ವಸ್ತು ಅದೊಂದೇ.

ಆರೋಪಪಟ್ಟಿಯಿಲ್ಲದೆ ಅಮಾನತನ್ನು 3 ತಿಂಗಳಿಗಿಂತ ಎಳೆಯಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಮೇಲ್ಮನವಿ ಬಾಕಿಯಿರುವ ನೌಕರನಿಗೆ ತಿಂಗಳಿಗೆ 1 ರೂಪಾಯಿ ಭತ್ಯೆ ಕೊಡುವ ಮಹಾರಾಷ್ಟ್ರದ ನಿಯಮವನ್ನು 1983ರಲ್ಲೇ ಕಿತ್ತುಹಾಕಿದೆ. ಇವೆರಡೂ ತಮ್ಮ ಟಪಾಲಿಗೆ ಇನ್ನೂ ಬಂದಿರಲಿಕ್ಕಿಲ್ಲ. ಬಂದಾಗ ಸ್ವೀಕೃತಿ ಕೊಡಬೇಕಾಗಿ ವಿನಂತಿ.

ಇತಿ ತಮ್ಮ ವಿಧೇಯ,
ಶುಲ್ಕ ಕಟ್ಟುವ ಪೋಷಕ

ಪ್ರತಿ, ಮಾಹಿತಿಗಾಗಿ: ಆಂತರಿಕ ದೂರು ಸಮಿತಿಯ ಅಧ್ಯಕ್ಷರಿಗೆ (ಸಮಿತಿ ರಚನೆಯಾಗಿದ್ದಲ್ಲಿ).