ನಿರ್ಯಂತ್ರಕೀರ್ತಿಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಮುಂದಡಿಯಿಡಲಾಗದೆಂಬುದು ಪೂರ್ವಸೂರಿಗಳ ಕಟ್ಟಪ್ಪಣೆಯಾದುದರಿಂದ, ಮೊದಲು ಅದನ್ನು ಪೂರೈಸುವೆವು. ವಿಷಯವು, ಅಲ್ಗಾರಿದಮ್ಮಿನ ಹಂಗಿಲ್ಲದೆ ಒಬ್ಬನ ಪೋಸ್ಟು ಮತ್ತೊಬ್ಬನ ದೃಷ್ಟಿಗೋಚರವಾಗುವ ಬಗೆ, ಪ್ರಯೋಜನವು, ಕೀರ್ತಿ, ಇವೆರಡರ ಸಂಬಂಧವು, ಬಹುಮಟ್ಟಿಗೆ ಆಕಸ್ಮಿಕ, ಅಧಿಕಾರಿಯು, ಗಳಿಗೆಗೊಮ್ಮೆ ಫೋನು ತೆರೆದು ತನಗೆ ಬಿದ್ದ ನಕ್ಷತ್ರಗಳನ್ನೆಣಿಸುವ ಜಿಜ್ಞಾಸು.

ಈ ವಿಚಾರಕ್ಕೆ ತಕ್ಕ ಕ್ಷೇತ್ರವೆಂದರೆ, 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣನು ನಿರ್ಮಿಸಿದ, ಅಳಿದುಹೋದ ಗಜಸಂಬಂಧಿಯೊಂದರ ಹೆಸರನ್ನು ಹೊತ್ತಿರುವ ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣ. ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದ ಬಳಿಕ 2019ರ ನವೆಂಬರಿನಲ್ಲಿ ಭಾರತೀಯರ ಒಂದು ತಂಡವೂ, ಎಲಾನ್ ಮಸ್ಕರು ಟ್ವಿಟರನ್ನೇ ಕೊಂಡುಕೊಂಡ 2022ರ ಅಕ್ಟೋಬರಿನ ತರುವಾಯ ನಾನಾ ದೇಶಗಳ ಮಹಾಸಮೂಹವೂ ಇಲ್ಲಿಗೆ ಗುಳೆಬಂದವು.

ಇನ್ನು ಲಕ್ಷಣ. ಇಲ್ಲಿನ ಹೋಮ್ ಟೈಮ್‌ಲೈನಿನಲ್ಲಿ ತಾನು ಫಾಲೋ ಮಾಡುವ ಜನರ ಹಾಗೂ ಹ್ಯಾಶ್‌ಟ್ಯಾಗುಗಳ ಪೋಸ್ಟುಗಳು ಕಾಲಕ್ರಮದಲ್ಲಷ್ಟೇ ಇಳಿದುಬರುವುವು. ನಕ್ಷತ್ರವನ್ನೊತ್ತಿದರೆ ಬರೆದವನಿಗೆ ಸಂತೋಷವಾರ್ತೆ ಮುಟ್ಟುವುದೇ ಹೊರತು ಪೋಸ್ಟು ಒತ್ತಿದವನ ಅನುಯಾಯಿಗಳ ಟೈಮ್‌ಲೈನಿಗೆ ಹೋಗದು. ಅದಕ್ಕೆ ಬೂಸ್ಟೇ ಆಗಬೇಕು. ಅನ್ಯರ ಪೋಸ್ಟುಗಳನ್ನು ಪದ ಹಿಡಿದು ಹುಡುಕುವ ಸೌಕರ್ಯವೂ 2023ರ ಸೆಪ್ಟೆಂಬರಿನವರೆಗೆ ಇರಲಿಲ್ಲ. ಬಂದ ಮೇಲೂ, ಸ್ವತಃ ಸಮ್ಮತಿಯಿತ್ತವರ ಬರೆಹಗಳಷ್ಟೇ ಅದಕ್ಕೆ ಸಿಕ್ಕುವುವು.

ಇಲ್ಲಿ ಪೂರ್ವಪಕ್ಷಿಯು ಎದ್ದು, ಯಂತ್ರವು ತೊಲಗಿದ ಮೇಲೆ ಗುಣಕ್ಕೇ ಜಯವಷ್ಟೆ ಎನ್ನುವನು. ಆಗದು, ದೃಷ್ಟಾಂತವನ್ನು ಕೇಳಿರಿ. ಒಬ್ಬ ಪಂಡಿತನು, ಹಳಗನ್ನಡದ ಛಂದಸ್ಸನ್ನು ಕುರಿತು ಅನುಮತವಾದ 500 ಅಕ್ಷರಗಳಲ್ಲಿ ಒಂದನ್ನೂ ವ್ಯರ್ಥಗೊಳಿಸದೆ, ಹ್ಯಾಶ್‌ಟ್ಯಾಗಿನಂಥ ಕ್ಷುದ್ರೋಪಾಯಕ್ಕೆ ಕೈಯಿಕ್ಕದೆ, ಅನುಯಾಯಿಗಳೆಲ್ಲ ಗೊರಕೆ ಹೊಡೆಯುವ ಹೊತ್ತಿನಲ್ಲಿ ಬರೆದು ಹಾಕಿದನು. ಬೆಳಗಾಗುವಷ್ಟರಲ್ಲಿ ಅದು ಅನ್ಯರ ಉಪ್ಪಿಟ್ಟು, ರಾಜಕೀಯ, ಲಿನಕ್ಸುಗಳ ಅಡಿಯಲ್ಲಿ ಹೂತುಹೋಗಿತ್ತು. ಶನಿವಾರ ಅವನು ಛಂದೋಗ್ರಂಥದ ಮೇಲೆ ಮೈಚಾಚಿ ಮಲಗಿದ ಬೆಕ್ಕಿನ ಚಿತ್ರವನ್ನು, ಆ ದಿನಕ್ಕೆ ಸಲ್ಲುವ ಕ್ಯಾಟರ್‌ಡೇ ಎಂಬ ಹ್ಯಾಶ್‌ಟ್ಯಾಗಿನೊಡನೆ ಹಾಕಲು, ಕನ್ನಡವನ್ನರಿಯದ ದೇಶಾಂತರದವರೂ ಬೂಸ್ಟ್ ಮಾಡಿದರು. ಗ್ರಂಥದ ಹೆಸರನ್ನು ಒಬ್ಬರೂ ಕೇಳಲಿಲ್ಲ.

ಆದಕಾರಣ ಸಿದ್ಧಾಂತವಿದು: ಅಲ್ಗಾರಿದಮ್ಮು ಬೆಕ್ಕನ್ನು ಗೆಲ್ಲಿಸಿತೆಂಬುದು ಮಿಥ್ಯಾರೋಪ, ಗೆಲ್ಲಿಸಿದವರು ನಾವೇ, ಅದು ನಮ್ಮ ಮನವನ್ನರಿತು ಊಳಿಗ ಮಾಡುತ್ತಿದ್ದಿತು. ಅದರ ನಿಜವಾದ ಉಪಕಾರವಾದರೋ, ಅಪ್ರಸಿದ್ಧರ ಪಾಲಿನ ದೋಷವನ್ನೆಲ್ಲ ತಾನು ಹೊತ್ತುದು. ಅದಿದ್ದ ತಾಣಗಳಲ್ಲಿ ಓದುಗರಿಲ್ಲದವನು ಕಂಪನಿಯ ಸಂಚನ್ನು ಶಪಿಸಿ ನೆಮ್ಮದಿಯಿಂದ ನಿದ್ರಿಸಬಹುದಾಗಿತ್ತು. ಇಲ್ಲಿಯಾದರೋ, ಅನುಯಾಯಿಗಳಲ್ಲಿ ಕಣ್ಣಾರೆ ಕಂಡವರೂ ಸುಮ್ಮನಿದ್ದರೆಂಬ ಸತ್ಯವನ್ನು ಮರೆಮಾಡಲು ಯಾವ ಪರದೆಯೂ ಇಲ್ಲ.

ಫಲಶ್ರುತಿ: ಈ ಪ್ರಬಂಧವನ್ನು ಭಕ್ತಿಯಿಂದೋದಿ ನಕ್ಷತ್ರವನ್ನು ಮಾತ್ರ ಒತ್ತುವವನಿಗೆ ಗ್ರಂಥಕರ್ತನ ಆಶೀರ್ವಾದವು ಲಭಿಸುವುದು, ಬೂಸ್ಟ್ ಮಾಡುವವನಿಗೆ, ಅವನ ಮುಂದಿನ ಬೆಕ್ಕಿನ ಚಿತ್ರಕ್ಕೆ ಗ್ರಂಥಕರ್ತನ ಬೂಸ್ಟು.