ಎಮ್ಮೆಯ ಮರೆಯಲ್ಲಿ ರೀವ

ಹಕ್ಕಿಗೂ ಮುಖ ಎಂಬುದೊಂದಿದೆ ಎಂದು ಜನಕ್ಕೆ ಗೊತ್ತಾದದ್ದು ಉದ್ದನೆಯ ಲೆನ್ಸುಗಳು ಬಂದ ಮೇಲೆ. ಅದಕ್ಕೆ ಮುಂಚೆ ಹಕ್ಕಿಗೆ ರೆಕ್ಕೆ ಇತ್ತು, ಬಾಲ ಇತ್ತು, ಕೆಲವರ ಮನೆಗಳಲ್ಲಿ ಸಾರೂ ಇತ್ತು. ಈಗ ಅಷ್ಟಕ್ಕೆಲ್ಲ ಯಾರೂ ಒಪ್ಪುವುದಿಲ್ಲ. ಕೊಕ್ಕಿನ ಬುಡದ ಗೀರು ಕಾಣಬೇಕು, ಕೆನ್ನೆಯ ಪುಕ್ಕ ಒಂದೊಂದಾಗಿ ಎಣಿಸುವಂತಿರಬೇಕು, ಕಣ್ಣೊಳಗೆ ಸೂರ್ಯನ ಚುಕ್ಕಿ ಬಿದ್ದಿರಬೇಕು. ಅದರಲ್ಲೂ ಕಡಲಹಕ್ಕಿಗಳ ಮುಖಚಿತ್ರ ತೆಗೆದವರದು ಬೇರೆಯೇ ಅಂತಸ್ತು. ಅದಕ್ಕಾಗಿ ಇಂಗ್ಲೆಂಡಿನ ಫಾರ್ನ್ ದ್ವೀಪಗಳಿಗೆ ದೋಣಿ ಹತ್ತಿ ಹೋಗುವವರಿದ್ದಾರೆ. ಅಲ್ಲಿ ಆರ್ಕ್‌ಟಿಕ್ ರೀವಗಳು (ಇಂಗ್ಲಿಷಿನಲ್ಲಿ ಟರ್ನ್) ಕಾಲುದಾರಿಯ ಪಕ್ಕದಲ್ಲೇ ಮೊಟ್ಟೆಯಿಟ್ಟು, ಬಂದವರ ನೆತ್ತಿಯನ್ನು ಕುಕ್ಕಿ ಕಳಿಸುತ್ತವೆ. ಟೋಪಿ ಹಾಕಿಕೊಂಡು ಬನ್ನಿ ಎಂದು ಪ್ರವಾಸಿಗರಿಗೆ ಮೊದಲೇ ಹೇಳಿರುತ್ತಾರೆ. ಹಕ್ಕಿಯ ಹತ್ತಿರ ಹೋಗುವುದು ಹೇಗೆ ಎಂಬ ಚಿಂತೆಯೇ ಅಲ್ಲಿಲ್ಲ, ಲೆನ್ಸಿಗೆ ಎಟುಕದಷ್ಟು ಹತ್ತಿರಕ್ಕೆ ಅದೇ ಬಂದಿರುತ್ತದೆ.

ನನ್ನ ಪಾಲಿಗೆ ಬಂದ ದ್ವೀಪವೆಂದರೆ ಕೊಳ್ಳೇಗಾಲದ ಮುಳ್ಳೂರಿನ ಹೊಳೆಯಲ್ಲಿ ಬೇಸಿಗೆಗೆ ತಲೆಯೆತ್ತುವ ಒಂದಿಷ್ಟು ಬಂಡೆ. ಮುಳ್ಳೂರು ಹೆಂಡತಿಯ ತವರು. ಕಾವೇರಿ ಅಲ್ಲಿ ಎರಡು ಅವತಾರ ತಾಳುತ್ತಾಳೆ. ಮೇಲಿನ ಜಲಾಶಯಗಳ ಬಾಗಿಲು ತೆರೆದರೆ ಹೊಲಗದ್ದೆಗೆ ನುಗ್ಗುತ್ತಾಳೆ. 2018ರ ಪ್ರವಾಹದಲ್ಲಿ ಕೆಳಗೆ ಶಿವನಸಮುದ್ರದ ಹಳೆಯ ವೆಲ್ಲೆಸ್ಲಿ ಸೇತುವೆಯ ಒಂದು ಭಾಗವನ್ನೇ ಕಿತ್ತುಕೊಂಡು ಹೋದವಳು ಅವಳೇ. ಮಾರ್ಚ್ ಬಂತೆಂದರೆ ಇಳಿದು, ಬಂಡೆ ಮತ್ತು ಮರಳದಿಣ್ಣೆಗಳನ್ನು ಬಿಟ್ಟುಕೊಡುತ್ತಾಳೆ. ರೀವಗಳು ಬಂದು ಕೂರುವುದು ಆಗ.

ರೀವ ಕಡಲಹಕ್ಕಿಯೇ ಎಂದು ಕೇಳಿದರೆ, ಮನೆತನದಿಂದ ಹೌದು. ಗಲ್ ಎಂಬ ಕಡಲಹಕ್ಕಿಗಳೂ ಇವೂ ಒಂದೇ ಕುಟುಂಬ. ಆದರೆ ಈ ನದಿ ರೀವ ಕಡಲಿನ ಗೊಡವೆಗೆ ಹೋಗದೆ ಹೊಳೆ, ಕೆರೆ, ಜಲಾಶಯಗಳಲ್ಲೇ ಬಾಳುವೆ ಮಾಡುತ್ತದೆ. ಉಪ್ಪುನೀರು ಕುಡಿಯುವ ಕಡಲಹಕ್ಕಿಗಳಿಗೆ ಕಣ್ಣಿನ ಮೇಲೆ ಒಂದು ಗ್ರಂಥಿಯಿದೆ. ಹೆಚ್ಚಾದ ಉಪ್ಪನ್ನು ಸೋಸಿ ಮೂಗಿನಿಂದ ತೊಟ್ಟಿಕ್ಕಿಸುವುದು ಅದರ ಕೆಲಸ. ಸಿಹಿನೀರಿನ ರೀವಕ್ಕೆ ಆ ಉಸಾಬರಿ ಇಲ್ಲ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರಿಂದ ಹೇಳಿಸಿಕೊಂಡಿದ್ದ ನಮ್ಮ ಮಾವನವರಿಗೆ ಮಾತ್ರ, ನಾನು ಹೇಳಿದ ಪಕ್ಷಿಶಾಸ್ತ್ರದಲ್ಲೆಲ್ಲ ಈ ಗ್ರಂಥಿಯೊಂದೇ ಮನಸ್ಸಿಗೆ ಹಿಡಿಸಿತು. ಮನುಷ್ಯರಿಗೆ ಅದನ್ನು ಕೂರಿಸಲು ಬರುತ್ತದೆಯೇ ಎಂದು ವಿಚಾರಿಸಿದರು.

ಇನ್ನು ಲೆನ್ಸಿನ ಮಾತು. ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳ ಕಪ್ಪುಬಿಳುಪು ಚಿತ್ರಗಳಿಗೆ ದೊಡ್ಡ ಹೆಸರು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು. ಈ ಹವ್ಯಾಸಕ್ಕೂ ಆ ಖಾತೆಗೂ ಏನು ನಂಟು ಎಂಬುದು 600 ಮಿಲಿಮೀಟರಿನ ಲೆನ್ಸಿನ ಬೆಲೆ ಕೇಳಿದ ದಿನ ನನಗೆ ಅರ್ಥವಾಯಿತು. ಯಾವ ಖಾತೆಯೂ ಇಲ್ಲದ ನಾನು ಗೆಳೆಯನೊಬ್ಬನದನ್ನು ಎರವಲು ತಂದೆ. ಅದಕ್ಕೆ ಮರಳು ಸೋಕಿದರೆ ನಮ್ಮ ಸ್ನೇಹ ಉಳಿಯುವುದಿಲ್ಲ ಎಂದು ಅವನು ಕೊಡುವಾಗಲೇ ಹೇಳಿದ್ದ.

ಮುಳ್ಳೂರಿನ ರೀವ ಯಾರಿಗೂ ಹೆದರುವುದಿಲ್ಲ. ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಕುಕ್ಕುವ ಸದ್ದಿಗೆ ಬೆಚ್ಚುವುದಿಲ್ಲ. ತೆಪ್ಪದವನು ಬಲೆ ಎಳೆಯುತ್ತ ಪಕ್ಕದಲ್ಲೇ ಹಾದುಹೋದರೆ ಕತ್ತು ತಿರುಗಿಸುವುದಿಲ್ಲ. ಎಮ್ಮೆ ತೊಳೆಯುವ ಹುಡುಗರು ಅದರ ಬಂಡೆಗೇ ನೀರೆರಚಿದರೆ ಒಂದು ಹೆಜ್ಜೆ ಸರಿದು ನಿಲ್ಲುತ್ತದೆ, ಅಷ್ಟೆ. ನಾನು ದೂರದ ತೆಂಗಿನ ಮರದ ಹಿಂದಿನಿಂದ ಮೂಗು ಹೊರಗೆ ಹಾಕಿದರೆ ಸಾಕು, ಕಿರ್ರೆಂದು ಬೈದು ತಲಕಾಡಿನ ದಿಕ್ಕಿಗೆ ಹಾರುತ್ತಿತ್ತು. ಇಡೀ ಊರಿನಲ್ಲಿ ಅದರ ಮೇಲೆ ಪ್ರೀತಿಯಿದ್ದವನು ನಾನೊಬ್ಬನೇ ಎಂಬುದನ್ನು ಅದಕ್ಕೆ ತಿಳಿಸುವುದು ಹೇಗೆ?

ಹಕ್ಕಿಯ ಲೆಕ್ಕಾಚಾರ ಸರಿಯಾಗಿಯೇ ಇದೆ. ಬೇಟೆಗೆ ಬರುವ ಪ್ರಾಣಿ ಮಾಡುವುದು ಎರಡು ಕೆಲಸ: ದಿಟ್ಟಿಸಿ ನೋಡುವುದು, ನೇರವಾಗಿ ಹತ್ತಿರ ಬರುವುದು. ಬಟ್ಟೆ ಒಗೆಯುವವರ ಕಣ್ಣು ಬಟ್ಟೆಯ ಮೇಲಿರುತ್ತದೆ, ತೆಪ್ಪದವನದು ಬಲೆಯ ಮೇಲೆ. ಫೋಟೋ ತೆಗೆಯುವವನು ಆ ಎರಡನ್ನೂ ಚಾಚೂ ತಪ್ಪದೆ ಮಾಡುತ್ತಾನೆ. ಸಾಲದ್ದಕ್ಕೆ ಮುಖದ ಮುಂದೆ ಅಂಗೈಯಗಲದ ಇನ್ನೊಂದು ಕಣ್ಣು ಹಿಡಿದಿರುತ್ತಾನೆ. ರಂಗನತಿಟ್ಟಿನ ಮಾತು ಬೇರೆ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲೇ ಪಕ್ಷಿಧಾಮವಾದ ಜಾಗ ಅದು. ಅಲ್ಲಿಯ ಹಕ್ಕಿಗಳು ದೋಣಿ ತುಂಬ ಕ್ಯಾಮೆರಾ ಬರುವುದನ್ನು ಮೊಟ್ಟೆಯೊಡೆದ ದಿನದಿಂದ ಕಂಡಿವೆ. ಮುಳ್ಳೂರಿನವು ಹಳ್ಳಿಯವು, ಸುಮ್ಮಸುಮ್ಮನೆ ಮುಖ ನೋಡುವವರನ್ನು ನಂಬುವುದಿಲ್ಲ.

ಗೂಡು ಮಾಡುವ ಜಾಗಕ್ಕೆ ಹೋದರೆ ಸಲೀಸು ಎಂದು ಹೇಳಿದವರಿದ್ದರು. ಗೂಡು ಎನ್ನುವುದೂ ದೊಡ್ಡ ಮಾತು. ಮರಳಿನಲ್ಲೋ ಬಂಡೆಯ ಮೇಲೋ ಸಣ್ಣ ತಗ್ಗು, ಅದರಲ್ಲಿ ಎರಡು ಮೂರು ಮೊಟ್ಟೆ. ತಾಯಿಯನ್ನು ಎಬ್ಬಿಸಿದರೆ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಅಲ್ಲೇ ಬೇಯುತ್ತದೆ. ಉಳಿದರೆ ಕಾಗೆಗೆ, ನಾಯಿಗೆ. ಮರಳು ತೆಗೆಯುವುದರಿಂದ, ಅಣೆಕಟ್ಟಿನಿಂದ ಹೇಳದೆ ಕೇಳದೆ ಬಿಡುವ ನೀರಿನಿಂದ ಮೊದಲೇ ಈ ಹಕ್ಕಿ ಅಳಿವಿನ ಭೀತಿಯ ಪಟ್ಟಿ ಸೇರಿದೆ. ಅದರ ಜೊತೆ ನನ್ನ ಕಲಾಸೇವೆಯೂ ಬೇಡ ಎಂದುಕೊಂಡು, ಅದು ಮೀನು ನುಂಗಿ ಸುಧಾರಿಸಿಕೊಳ್ಳುವ ಬಂಡೆಯನ್ನಷ್ಟೇ ಹಿಡಿದು ಕೂತೆ.

ಕೂತೆ ಎನ್ನುವುದಕ್ಕಿಂತ ಮಲಗಿದೆ ಎನ್ನಬೇಕು. ಮುಖಚಿತ್ರಕ್ಕೆ ಲೆನ್ಸು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಅಂದರೆ ಮರಳಿನ ಮೇಲೆ ಬೋರಲು ಬೀಳಬೇಕು. ಹಸಿರು ಅಂಗಿ, ಲೆನ್ಸಿಗೂ ಎಲೆಚಿತ್ತಾರದ ಬಟ್ಟೆ. ಮೊದಲು ಕಂಡದ್ದು ಎಮ್ಮೆ ಹೊಡೆದುಕೊಂಡು ಬಂದ ಅಜ್ಜನಿಗೆ. ಮಾದಪ್ಪನ ಬೆಟ್ಟದ ಕಡೆ ಎಸ್‌ಟಿಎಫ್ ಪೊಲೀಸರ ಕಾವಲಿದ್ದ ಕಾಲವನ್ನು ಕಂಡವರು. ತುಂಬ ಹೊತ್ತು ನನ್ನನ್ನೂ ಲೆನ್ಸನ್ನೂ ನೋಡಿ ಮೆಲ್ಲಗೆ ಕೇಳಿದರು: “ಸಾಮಿ, ವೀರಪ್ಪ ಸತ್ತು ಎಷ್ಟೋ ವರ್ಸ ಆಯ್ತಲ್ಲ. ಇನ್ನೂ ಯಾರ್ನ ಹುಡುಕ್ತಿದ್ದೀರಿ?”

ಹಕ್ಕಿಯನ್ನು ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಅಷ್ಟರಲ್ಲಿ ಸುದ್ದಿ ಮನೆ ತಲುಪಿತ್ತು: ಅಳಿಮಯ್ಯ ಹೊಳೆದಂಡೇಲಿ ಬೋರಲು ಬಿದ್ದವ್ರೆ. ಊರಿನ ಅಳಿಯ ಹಗಲು ಹೊತ್ತಿನಲ್ಲಿ ಬೋರಲು ಬೀಳುವುದಕ್ಕೆ ಮುಳ್ಳೂರಿನಲ್ಲಿ ಇರುವುದು ಒಂದೇ ಕಾರಣ. ಮಾವನವರು ಮಜ್ಜಿಗೆಯ ಚೊಂಬು, ನಿಂಬೆಹಣ್ಣು ಸಮೇತ ಬಂದರು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮರ್ಯಾದೆಗೆ ಧಕ್ಕೆ ಬಾರದ ರೀತಿಯಲ್ಲಿ ನನ್ನ ಉಸಿರು ಮೂಸಿದರು. “ಏನೂ ಯೋಚ್ನೆ ಮಾಡ್ಬೇಡಿ, ನಿಮ್ಮತ್ತೆಗೆ ನಾನೇನೂ ಹೇಳಾಕಿಲ್ಲ” ಎಂದರು. ಹೇಳುವಂಥದ್ದು ಏನೂ ಇಲ್ಲ ಎಂದು ವಾದಿಸಿದಷ್ಟೂ ಅವರ ಕಣ್ಣಿನಲ್ಲಿ ಕನಿಕರ ಹೆಚ್ಚುತ್ತ ಹೋಯಿತು. ಕೊನೆಗೆ ಮಜ್ಜಿಗೆ ಕುಡಿದೆ. ರೀವ ಬಂಡೆಯ ಮೇಲೆ ಬಂದು ಕೂತದ್ದು, ನಾನು ಚೊಂಬು ಎತ್ತಿ ಆಕಾಶ ನೋಡುತ್ತಿದ್ದಾಗ.

ದಾರಿ ತೋರಿಸಿದವರು ಅಜ್ಜನೇ. “ಎಮ್ಮೆ ಮಗ್ಗುಲಲ್ಲಿ ಬನ್ನಿ ಸಾಮಿ. ಎಮ್ಮೆನ ಯಾವ ಹಕ್ಕೀನೂ ನೋಡಾಕಿಲ್ಲ” ಎಂದರು. ಪ್ಯಾಂಟು ಮಡಚಿ ನೀರಿಗಿಳಿದೆ. ಎಮ್ಮೆ ಯಾವ ಅವಸರವೂ ಇಲ್ಲದೆ, ಬಂಡೆಯ ಕಡೆಗೆ ಓರೆಯಾಗಿ, ನಡುನಡುವೆ ನಿಂತು, ಬೇರೇನೋ ಯೋಚಿಸುತ್ತ ನಡೆಯಿತು. ಹಕ್ಕಿಯ ಹತ್ತಿರ ಹೋಗುವುದಕ್ಕೆ ಪುಸ್ತಕಗಳಲ್ಲಿ ಬರೆದಿರುವುದೂ ಇದೇ ನಡಿಗೆ, ಎಮ್ಮೆಯ ಹೆಸರು ಹಾಕಿಲ್ಲ ಅಷ್ಟೆ. ಅದರ ಬೆನ್ನಿನ ಮೇಲೆ ಲೆನ್ಸು ಊರಿದೆ. ಕ್ಯಾಮೆರಾ ಸ್ಟ್ಯಾಂಡಿಗಿಂತ ಒಂದು ಕಾಲು ಹೆಚ್ಚು, ಆದರೆ ಇದು ಉಸಿರಾಡುತ್ತದೆ. ಹಾಗಾಗಿ ಶಟರನ್ನು ಸೆಕೆಂಡಿನ 2000ದಲ್ಲೊಂದು ಭಾಗಕ್ಕೆ ಏರಿಸಿ ಕಾದೆ.

ಕಾಯುವುದು ಕಣ್ಣಿಗಾಗಿ. ಬೆಳ್ಳಗಿನ ಎದೆ, ಬೂದು ಬೆನ್ನು, ಹಳದಿ ಕೊಕ್ಕು ಎಲ್ಲ ಸರಿ. ಆದರೆ ಮರಿ ಮಾಡುವ ಕಾಲದಲ್ಲಿ ರೀವ ನೆತ್ತಿಯಿಂದ ಕಣ್ಣಿನ ಕೆಳಗಿನವರೆಗೆ ಅಚ್ಚಗಪ್ಪು ಟೋಪಿ ಎಳೆದುಕೊಂಡಿರುತ್ತದೆ. ಕಣ್ಣೂ ಕಪ್ಪೇ. ಬಿಳಿಗೆ ಹೊಂದಿಸಿದರೆ ತಲೆ ಇದ್ದಿಲು, ತಲೆಗೆ ಹೊಂದಿಸಿದರೆ ಎದೆ ಸುಣ್ಣ. ಬಿಸಿಲು ಕೆಳಗಿಳಿದಾಗ ಹಕ್ಕಿ ಸೂರ್ಯನ ಕಡೆಗೆ ಕತ್ತು ತಿರುಗಿಸಿದ ಒಂದೇ ಗಳಿಗೆಯಲ್ಲಿ ಕಣ್ಣಿಗೆ ಚುಕ್ಕಿ ಬೆಳಕು ಬೀಳುತ್ತದೆ, ಆಗ ಮಾತ್ರ ಮುಖ ಮುಖವಾಗುತ್ತದೆ. ಬಿತ್ತು. ತೆಗೆದೆ. ಎಮ್ಮೆ ಬಾಲ ಬೀಸಿ ನನ್ನ ಕೆನ್ನೆಗೆ ಬಾರಿಸಿತು, ರೀವ ಅತ್ತ ತಿರುಗಿಯೂ ನೋಡಲಿಲ್ಲ.

ಚಿತ್ರವನ್ನು ದೊಡ್ಡದಾಗಿ ಹಾಕಿಸೋಣವೆಂದು ಕೊಳ್ಳೇಗಾಲದ ಸ್ಟುಡಿಯೋ ಒಂದಕ್ಕೆ ಹೋದೆ. ಹುಡುಗ ಅದನ್ನು ಪರದೆಯ ಮೇಲೆ ತೆರೆದು, ವೃತ್ತಿಯ ಅಭ್ಯಾಸಬಲದಿಂದ ಪರೀಕ್ಷಿಸಿದ. ಸಂಜೆ ಬಿಸಿಲಿಗೆ ಹಿಂದಿನ ನೀರೆಲ್ಲ ಬೆಳ್ಳಗಾಗಿತ್ತು.

“ಪಾಸ್‌ಪೋರ್ಟ್ ಸೈಜಾ ಸಾರ್? ಬ್ಯಾಕ್‌ಗ್ರೌಂಡ್ ಬಿಳಿ ಅದೆ, ಪರವಾಗಿಲ್ಲ. ಆದ್ರೆ ಕಿವಿ ಕಾಣಾಕಿಲ್ಲ.”

“ಕಿವಿ ಇದೆಯಪ್ಪ, ಪುಕ್ಕದ ಅಡಿಗಿದೆ.”

“ಟೋಪಿನಾದ್ರೂ ತೆಗಿಸ್ಬೇಕಿತ್ತು ಸಾರ್.”

“ತೆಗೆಯುತ್ತೆ. ಮರಿ ಮಾಡೋ ಕಾಲ ಮುಗಿದ ಮೇಲೆ ಆ ಕಪ್ಪು ಪುಕ್ಕ ಉದುರಿ ನೆತ್ತಿ ಬೂದಿ ಬಣ್ಣಕ್ಕೆ ಬರುತ್ತೆ” ಎಂದೆ.

ಅವನು ಇನ್ನೊಮ್ಮೆ ರೀವದ ಮುಖ ನೋಡಿ, ಗಂಭೀರವಾಗಿ ತೀರ್ಮಾನ ಕೊಟ್ಟ: “ಹಂಗಾದ್ರೆ ಪಾಸ್‌ಪೋರ್ಟ್‌ಗೆ ಆಗ ತಗಂಬನ್ನಿ ಸಾರ್. ಇದು ಆಧಾರ್‌ಗೆ ಇರ್ಲಿ. ಅದಕ್ಕೆ ಮುಖ ಎಂಗಿದ್ರೂ ನಡೀತದೆ.”