ಬರ್ಮುಡಾ, ಬಾಯ್ಲರು ಮತ್ತು ದೋಸೆ ಹಿಟ್ಟು

ಇಂಗ್ಲೆಂಡಿನಲ್ಲಿ ಹಳೆಯ ಕೌನ್ಸಿಲ್ ಮನೆಯನ್ನೋ ಎಪ್ಪತ್ತರ ದಶಕದ ಸೆಮಿ-ಡಿಟ್ಯಾಚ್ಡ್ ಮನೆಯನ್ನೋ ಕೊಂಡ ಕನ್ನಡ ಸಂಸಾರಕ್ಕೆ ಕೀಲಿಕೈ ಜೊತೆ ಬೇಡವೆಂದರೂ ಬರುವ ಆಸ್ತಿ ಒಂದಿದೆ. ಅದು ನಡುಮನೆಯ ಚಿಮಣಿಗೆ ಬೆನ್ನು ಕೊಟ್ಟು ಕೂತಿರುವ ಗ್ಯಾಸ್ ಫೈರು. ತೇಗವೆಂದು ನಂಬಿಸಲು ಹೆಣಗುವ ಕಂದು ಚೌಕಟ್ಟು, ಮಾಸಿದ ಜಾಲರಿ, ಒಳಗೆ ಸಾಲಾಗಿ ನಿಂತ ಪಿಂಗಾಣಿ ತುಂಡುಗಳು. ಅವುಗಳಲ್ಲಿ ಒಂದಾದರೂ ಮುರಿದಿರಲೇಬೇಕು. ಗುಂಡಿ ಒತ್ತಿ ತಿರುಗಿಸಿದರೆ ಟಕ್ ಟಕ್ ಎಂದು ನಾಲ್ಕು ಸಲ ಸತಾಯಿಸಿ, ಆಮೇಲೆ ಭುಸ್ಸೆಂದು ಹೊತ್ತಿಕೊಳ್ಳುತ್ತದೆ. ಗೃಹಪ್ರವೇಶಕ್ಕೆ ಬಂದವರು ಉಕ್ಕುವ ಹಾಲಿಗಿಂತ ಮೊದಲು ಅದನ್ನೇ ನೋಡಿ, “ಇದನ್ನ ತೆಗೆಸಿಬಿಡಿ” ಎನ್ನುತ್ತಾರೆ.

ತೆಗೆಸುವುದು ಖರ್ಚಿನ ಬಾಬ್ತು, ಮರೆಮಾಡುವುದು ಪುಕ್ಕಟೆ. ಹಾಗಾಗಿ ಒಬ್ಬರು ಅದರ ಮುಂದೆ ಮೈಸೂರಿನ ಬೀಟೆ ಮರದ ಆನೆ ನಿಲ್ಲಿಸುತ್ತಾರೆ. ಇನ್ನೊಬ್ಬರು ಧಾರವಾಡದ ಕಸೂತಿ ಬಟ್ಟೆ ಇಳಿಬಿಡುತ್ತಾರೆ, ಉರಿಯುವ ಗ್ಯಾಸಿನ ಮುಂದೆ! ನವರಾತ್ರಿ ಬಂತೆಂದರೆ ಹಲಗೆಯ ಮೆಟ್ಟಿಲು ಎದ್ದು, ಪಟ್ಟದ ಗೊಂಬೆಗಳು ಒಂಬತ್ತು ದಿನ ಬೆನ್ನು ಕಾಯಿಸಿಕೊಳ್ಳುತ್ತವೆ.

ಮಿಡ್‌ಲ್ಯಾಂಡ್ಸಿನ ಅಂಥದೊಂದು ಮನೆಯನ್ನು ತೆಗೆದುಕೊಳ್ಳೋಣ. ಹೆಸರು ಬೇಡ, ಇಂಥ ಮನೆ ಬೇಕಾದಷ್ಟಿವೆ, ಓದುಗರು ತಮಗೆ ಗೊತ್ತಿರುವ ಹೆಸರನ್ನೇ ಹಾಕಿಕೊಳ್ಳಬಹುದು. ಯಜಮಾನರು ಸಾಫ್ಟ್‌ವೇರ್ ಎಂಜಿನಿಯರು. ಎಂಜಿನಿಯರಾದ ಮೇಲೆ ಫೈರು ಕಳಚುವುದೇನು ಮಹಾ ಎಂದು ಒಂದು ಶನಿವಾರ ಸ್ಪ್ಯಾನರ್ ಹಿಡಿದು ಮೊಣಕಾಲೂರಿದರು. ಕೆಳಗಿನ ಫಲಕ ಬಿಚ್ಚಿ ಟಾರ್ಚು ಬಿಟ್ಟರೆ ಹಿಂದೆ ಇನ್ನೊಂದು ಪ್ರಪಂಚ: ತಾಮ್ರದ ಪೈಪು, ಎರಕದ ಕಬ್ಬಿಣದ ಪೆಟ್ಟಿಗೆ, ಒಂದು ಪುಟ್ಟ ನೀಲಿ ಜ್ವಾಲೆ. ಮನೆಯ ಅಷ್ಟೂ ರೇಡಿಯೇಟರುಗಳನ್ನು ಕಾಯಿಸುವ ಬಾಯ್ಲರು ಅಲ್ಲಿ ಚಿಮಣಿಯ ಹೊಟ್ಟೆಯೊಳಗೆ ಅಡಗಿ ಕೂತಿತ್ತು. ಅವರು ಬೆವರು ಒರೆಸಿಕೊಂಡು ಫಲಕವನ್ನು ಇದ್ದಂತೆಯೇ ಮುಚ್ಚಿದರು. ಪುಣ್ಯ ಕಟ್ಟಿಕೊಂಡರು ಎನ್ನಬೇಕು, ಏಕೆಂದರೆ ಬ್ರಿಟನ್ನಿನ 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ ಈ ಕೆಲಸಕ್ಕೆ ನೋಂದಾಯಿತ ಕುಶಲಕರ್ಮಿಯೇ ಬರಬೇಕು. ಆ ನೋಂದಣಿ ಪುಸ್ತಕಕ್ಕೆ 2009ರವರೆಗೆ ಕೋರ್ಗಿ ಎಂಬ ಹೆಸರಿತ್ತು, ಈಗ ಗ್ಯಾಸ್ ಸೇಫ್. ಜಾವಾ ಬಲ್ಲವರಿಗೆ ಅದರಲ್ಲಿ ವಿನಾಯಿತಿ ಇಲ್ಲ.

ಫೈರಿನ ಹಿಂದೆ ಬಾಯ್ಲರು ಅಡಗಿಸುವ ಈ ಏರ್ಪಾಡಿಗೆ ಬ್ಯಾಕ್ ಬಾಯ್ಲರ್ ಎಂದು ಹೆಸರು. ಮೊದಲು ಅಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು, ಅದರ ಹಿಂದಿನ ತೊಟ್ಟಿಯಲ್ಲಿ ಸ್ನಾನದ ನೀರು ಕಾಯುತ್ತಿತ್ತು. 1952ರ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು, ಕಲ್ಲಿದ್ದಲು ಹಿಂದೆ ಸರಿಯಿತು. 1967ರಿಂದ 1977ರವರೆಗೆ ದೇಶದ ಒಲೆಗಳನ್ನೆಲ್ಲ ಉತ್ತರ ಸಮುದ್ರದ ಗ್ಯಾಸಿಗೆ ಹೊಂದಿಸಿದರು. ಚಿಮಣಿ ಹೇಗೂ ಇದೆ, ಅದರಲ್ಲೇ ಗ್ಯಾಸ್ ಬಾಯ್ಲರು ಕೂರಿಸಿ ಎದುರಿಗೆ ಫೈರು ನಿಲ್ಲಿಸಿದರಾಯಿತು ಎಂಬ ಲೆಕ್ಕಾಚಾರ. ಇವುಗಳಲ್ಲಿ ಹೆಸರುವಾಸಿಯಾದದ್ದು ಬ್ಯಾಕ್ಸಿ ಬರ್ಮುಡಾ. ನಮ್ಮವರಿಗೆ ಬರ್ಮುಡಾ ಎಂದರೆ ಚಡ್ಡಿ. ಹಾಗಾಗಿ “ಬರ್ಮುಡಾ ಬಿಚ್ಚಿಸಬೇಕು” ಎಂಬ ಮಾತು ಊರಿನಿಂದ ಬಂದ ಅತ್ತೆಯ ಕಿವಿಗೆ ಬಿದ್ದಾಗ ಮನೆಯಲ್ಲಿ ಸ್ವಲ್ಪ ಹೊತ್ತು ಇರಿಸುಮುರಿಸಾಯಿತು.

ವಿಷಯ ತಿಳಿದ ಮೇಲೆ ಅತ್ತೆಯಷ್ಟು ಬೇಗ ಯಂತ್ರವನ್ನು ಅರ್ಥಮಾಡಿಕೊಂಡವರು ಆ ಮನೆಯಲ್ಲಿ ಇನ್ನೊಬ್ಬರಿಲ್ಲ. ಹಾಸನದ ಮನೆಯ ಬಚ್ಚಲಿನಲ್ಲಿ ಗೋಡೆಗೆ ಹೂತ ಹಂಡೆಗೆ ಬೆಳಗಿನ ಜಾವ ಎದ್ದು ತೆಂಗಿನ ಮಟ್ಟೆ ಒಟ್ಟಿದವರು ಅವರು. “ಅಳಿಯಂದ್ರೇ, ಹಂಡೆ ಒಲೆ ಬಾಯಿ ಮುಚ್ಚಿದ್ರೆ ಹೊಗೆ ಎಲ್ಲಿಗೆ ಹೋಗ್ಬೇಕು? ಮನೆ ಒಳಗೇ ಬರುತ್ತೆ. ಇದೂ ಅಷ್ಟೇ ತಾನೆ?”

ಅಷ್ಟೇ. ಫೈರು ಮತ್ತು ಬಾಯ್ಲರು ಎರಡೂ ಒಂದೇ ಹೊಗೆದಾರಿಯನ್ನು ಹಂಚಿಕೊಂಡಿರುತ್ತವೆ, ಉರಿಯಲು ಬೇಕಾದ ಗಾಳಿಯನ್ನು ಕೋಣೆಯಿಂದಲೇ ಎಳೆದುಕೊಳ್ಳುತ್ತವೆ. ಚೆಂದ ಕಾಣಲೆಂದು ಬೇರೆ ಫೈರು ತಂದು ಸಿಕ್ಕಿಸುವಂತಿಲ್ಲ. ಆ ಬಾಯ್ಲರಿಗೆ ಹೊಂದುವುದೆಂದು ತಯಾರಕರು ಒಪ್ಪಿದ್ದೇ ಆಗಬೇಕು. ಹಲಗೆ ಬಡಿದು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸೋರಿದ ಗ್ಯಾಸು ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ನಾತದಿಂದ. ಈ ವಿಷಕ್ಕೆ ಯಾರೂ ನಾತ ಬೆರೆಸಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಅತ್ತೆಯೇ ಆಸಾಮಿ ಎಂದು ಗೊತ್ತಾದದ್ದು ಗ್ಯಾಸ್ ಸೇಫ್‌ನವನು ಬಂದ ದಿನ. ಆತ ಸೋಫಾದ ಹಿಂದೆ ಬಗ್ಗಿ, ಗೋಡೆಯ ಗಾಳಿಕಿಂಡಿಯೊಳಗೆ ಬೆರಳು ಹಾಕಿ, ಉಂಡೆ ಮಾಡಿ ತುರುಕಿದ್ದ ಒಂದು ಕಾಗದವನ್ನು ಮೆಲ್ಲಗೆ ಹೊರಗೆಳೆದ. ಬಿಡಿಸಿದರೆ ಕನ್ನಡ ಪತ್ರಿಕೆ. ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿಗೆ ಸುತ್ತಿ ತಂದದ್ದು, ಎಣ್ಣೆಯ ಉಂಗುರ ಇನ್ನೂ ಕಾಣುತ್ತಿತ್ತು. “ಅಲ್ಲಿಂದ ಗಾಳಿ ಹೊಡೀತಿತ್ತು ಕಣೇ, ಬೆನ್ನಿಗೆ” ಎಂದು ಅತ್ತೆ ಮಗಳತ್ತ ನೋಡಿದರು. ಗಾಳಿ ಹೊಡೆಯಲೆಂದೇ ಆ ಕಿಂಡಿ ಕೊರೆದದ್ದು ಎಂದು ಅವರಿಗೆ ಹೇಳುವ ಧೈರ್ಯ ಅಳಿಯನಿಗೆ ಬರಲಿಲ್ಲ. ಬಂದವನು ಎಚ್ಚರಿಕೆಯ ಚೀಟಿ ಬರೆದು, ಕೊಟ್ಟ ಚಕ್ಕುಲಿ ತಿಂದು, ಇನ್ನೆರಡು ಕೇಳಿ ಇಸಕೊಂಡ.

ಅವನ ಸಲಹೆ ಸರಳವಾಗಿತ್ತು. ಹಳೆಯ ಬಾಯ್ಲರು ಕಿತ್ತು ಅಡುಗೆಮನೆಯ ಗೋಡೆಗೆ, ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರು ಹಾಕಿಸಿ. ಹಳೆಯದು ಉರಿಸಿದ ಗ್ಯಾಸಿನಲ್ಲಿ ಶೇಕಡಾ 70ರ ಆಸುಪಾಸು ಮಾತ್ರ ಉಪಯೋಗಕ್ಕೆ ಬರುತ್ತದೆ, ಹೊಸದರಲ್ಲಿ 90. 2005ರ ಏಪ್ರಿಲಿನಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಹಾಕುವುದು ಬಹುಪಾಲು ಹೊಗೆಯ ಬಿಸಿಯನ್ನೂ ಬಳಸಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರೇ ಆಗಿರಬೇಕು. ಅಟ್ಟದ ಮೇಲಿನ ನೀರಿನ ತೊಟ್ಟಿ ಹೋಗುತ್ತದೆ, ಮಹಡಿಯ ಏರಿಂಗ್ ಕಪಾಟಿನ ಬಿಸಿನೀರಿನ ಸಿಲಿಂಡರೂ ಹೋಗುತ್ತದೆ, ಜಾಗ ಉಳಿಯುತ್ತದೆ.

“ಸಿಲಿಂಡರು ಹೋಗುತ್ತಾ?” ಎಂದು ಮನೆಯೊಡತಿ ಕೇಳಿದ ದನಿಗೆ ಯಜಮಾನರು ಲೆಕ್ಕ ಹಾಕುವುದನ್ನು ನಿಲ್ಲಿಸಿದರು.

ಏರಿಂಗ್ ಕಪಾಟೆಂದರೆ ಇಂಗ್ಲಿಷರಿಗೆ ಟವೆಲು, ಹಾಸಿಗೆ ಬಟ್ಟೆ ಬೆಚ್ಚಗಿಡುವ ಗೂಡು. ಕನ್ನಡ ಮನೆಯಲ್ಲಿ ಅದರ ಮೇಲ್ಹಲಗೆ ದೋಸೆ ಹಿಟ್ಟಿನದು. ಜನವರಿಯ ಚಳಿಯಲ್ಲಿ ರುಬ್ಬಿದ ಹಿಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಎರಡು ದಿನವಾದರೂ ಕಣ್ಣು ಬಿಡುವುದಿಲ್ಲ. ಹಳೆಯ ತಾಮ್ರದ ಸಿಲಿಂಡರಿಗೆ ಸುತ್ತಿದ ಕೆಂಪು ಜಾಕೆಟ್ಟು ಅಲ್ಲಲ್ಲಿ ಜಾರಿ, ಒಳಗಿನ ಬಿಸಿ ಹದವಾಗಿ ಸೋರಿ, ರಾತ್ರಿ ಇಟ್ಟ ಹಿಟ್ಟು ಬೆಳಗ್ಗೆ ಮುಚ್ಚಳವನ್ನು ಎತ್ತಿರುತ್ತದೆ. ಒಮ್ಮೆಯಂತೂ ಉಕ್ಕಿ ಯಜಮಾನರ ಆಫೀಸಿನ ಅಂಗಿಗಳ ಮೇಲೆ ಇಳಿದಿತ್ತು. ಅದಕ್ಕೆ ಯಾರೂ ಬಾಯ್ಲರನ್ನು ದೂರಲಿಲ್ಲ.

“ರೀ, ಕಾಂಬಿ ಬೇಡ. ಸಿಲಿಂಡರು ಇರೋ ಥರದ್ದು ಕೇಳಿ.”

ಇದೆಯಂತೆ, ಸಿಸ್ಟಂ ಬಾಯ್ಲರು. ಅದರ ಜೊತೆ ಸಿಲಿಂಡರು ಇರುತ್ತದೆ. ಆದರೆ ಹೊಸ ಸಿಲಿಂಡರುಗಳಿಗೆ ಕಾರ್ಖಾನೆಯಲ್ಲೇ ದಪ್ಪ ಫೋಮ್ ಹೊದಿಸಿರುತ್ತಾರೆ, ಬಿಸಿ ಹೆಚ್ಚು ಸೋರುವುದಿಲ್ಲ ಎಂದು ಆತ ಹೆಮ್ಮೆಯಿಂದ ಹೇಳಿದ. ಬಿಸಿ ಸೋರದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಮನೆಯೊಡತಿ ಕೇಳಿದಳು. ವೃತ್ತಿಗೆ ಬಂದ ಮೇಲೆ ಇಂಥ ದೂರನ್ನು ಅವನು ಕೇಳಿರಲಾರ.

ಅಂತೂ ಮಾತು ಬಗೆಹರಿಯಿತು. ಕಾಂಬಿಯೇ ಬರಲಿ, ಖಾಲಿಯಾದ ಕಪಾಟಿನೊಳಗೆ ಒಂದು ಪುಟ್ಟ ರೇಡಿಯೇಟರು ಹಾಕಿಕೊಡಲಿ. ಚಿಮಣಿಯ ಬಾಯಿ ಮುಚ್ಚಿದರೂ ತೇವ ಕಟ್ಟದಂತೆ ಗಾಳಿಗೆ ಸಣ್ಣ ಕಿಂಡಿ ಬಿಡಬೇಕು ಎಂದು ಆತ ಅತ್ತೆಯನ್ನೇ ನೋಡುತ್ತ ಹೇಳಿದ. ಅಂದಾಜು ಪಟ್ಟಿಯಲ್ಲಿ ಬಾಯ್ಲರು, ಕಾರ್ಬನ್ ಮಾನಾಕ್ಸೈಡ್ ಅಲಾರಂ, ಹಳೆಯದನ್ನು ಸಾಗಿಸುವ ಕೂಲಿ ಇವೆಲ್ಲ ಆದ ಮೇಲೆ ರೇಡಿಯೇಟರಿನ ಸಾಲು ಬಂತು. ಎಷ್ಟು ಅಗಲದ್ದು ಬೇಕು ಎಂದು ಕೇಳಿದಾಗ ಮನೆಯೊಡತಿ ಒಳಗೆ ಹೋಗಿ ಹಿಟ್ಟಿನ ಪಾತ್ರೆಯನ್ನೇ ತಂದು ಅವನ ಅಳತೆ ಪಟ್ಟಿಯ ಪಕ್ಕ ಇಟ್ಟಳು. ದೊಡ್ಡದನ್ನು, ಇಡ್ಲಿಯದು.